ಕಣ್ಣು ಬಿತ್ತಾ, ಕಣ್ಣಿಗೆ ಬಿತ್ತಾ?

ನಮ್ಮ ಕಡೆ ಮಾತಲ್ಲಿ ನೋಟಕ್ಕೆ ಎರಡು ದಾರಿ ಇದಾವೆ. ಮಗೂಗೆ ಹೊಸ ಬಟ್ಟೆ ಹಾಕಿ ಬೀದಿ ಸುತ್ತಿಸ್ಕೊಂಡು ಬಂದ ಮೇಲೆ ಅದು ಹಾಲು ಕುಡೀದೆ ರಚ್ಚೆ ಹಿಡಿದ್ರೆ "ಯಾರದೋ ಕಣ್ಣು ಬಿತ್ತು" ಅಂತೀವಿ. ಅಂದ್ರೆ ನೋಡಿದೋರ ಕಣ್ಣಿಂದ ಏನೋ ಒಂದು ಹೊರಟು ಬಂದು ಮಗು ಮೇಲೆ ಬಿತ್ತು ಅಂತ. ಅದೇ, ಕಳೆದುಹೋದ ಓಲೆ ತಿರುಪು ಕಸ ಗುಡಿಸೋವಾಗ ಸಿಕ್ಕಿದ್ರೆ "ಪುಣ್ಯಕ್ಕೆ ಕಣ್ಣಿಗೆ ಬಿತ್ತು" ಅಂತೀವಿ. ಇಲ್ಲಿ ಕಣ್ಣು ಎಲ್ಲಿಗೂ ಹೋಗ್ಲಿಲ್ಲ, ತಿರುಪೇ ಬಂದು ಕಣ್ಣಿಗೆ ಬಿತ್ತು. "ನಾನು ನೋಡ್ತೀನಿ" ಅನ್ನೋದೂ ನಾವೇ, "ನಂಗೆ ಕಾಣ್ತದೆ" ಅನ್ನೋದೂ ನಾವೇ.

ಇದು ಬರೀ ಮಾತಿನ ವಿಷಯ ಅನ್ಕೋಬೇಡಿ. ನೋಟ ಅನ್ನೋದು ಕಣ್ಣಿಂದ ಹೊರಗೆ ಹೋಗ್ತದಾ, ಇಲ್ಲಾ ಹೊರಗಿಂದ ಕಣ್ಣೊಳಗೆ ಬರ್ತದಾ ಅಂತ ದೊಡ್ಡ ದೊಡ್ಡ ಪಂಡಿತರು ಸಾವಿರದೈನೂರು ವರ್ಷ ಜಗಳ ಆಡಿದಾರೆ. ಗ್ರೀಸ್‌ನಲ್ಲಿ ಆಡಿದ್ರು, ಅರಬ್ಬರು ಆಡಿದ್ರು, ನಮ್ಮ ದೇಶದಲ್ಲೂ ಆಡಿದ್ರು. ಅದರಲ್ಲಿ ನಮ್ಮ ಕರ್ನಾಟಕದ ಗುರುಗಳೊಬ್ಬರು ಹಾಕಿದ ಪ್ರಶ್ನೆ ಅಂತೂ ದಿನಾ ನಮ್ಮ ಕೈಯಲ್ಲೇ ಇರೋ ಕಾಡಿಗೆ ಡಬ್ಬಿಗೆ ಸೇರಿದ್ದು. ಈ ಜಗಳ ಯಾವ ಕಡೆಗೆ ತೀರ್ಮಾನ ಆಯ್ತು ಅನ್ನೋದರ ಮೇಲೆ ನಮ್ಮ ಮನೆ ಹಿರಿಯರ ಕಣ್ಣೂ ನಿಂತಿದೆ, ಊರಲ್ಲಿ ಕೆಲವು ಹೆಣ್ಣುಮಕ್ಕಳ ಮರ್ಯಾದೆನೂ ನಿಂತಿದೆ. ಅದಕ್ಕೇ ಇದನ್ನ ಬರೀಬೇಕು ಅನ್ನಿಸ್ತು.

ಮೊದಲು ಕಣ್ಣಿಂದ ಹೊರಗೆ ಹೋಗ್ತದೆ ಅಂದೋರ ಕಥೆ. ಕ್ರಿಸ್ತ ಹುಟ್ಟೋಕೆ ಸುಮಾರು 450 ವರ್ಷ ಮುಂಚೆ ಸಿಸಿಲಿ ಅನ್ನೋ ದ್ವೀಪದಲ್ಲಿ ಎಂಪೆಡೋಕ್ಲಿಸ್ ಅಂತ ಒಬ್ಬ ಇದ್ದ. ಅವನು ಕಣ್ಣನ್ನ ಲಾಟೀನಿಗೆ ಹೋಲಿಸಿದ. ಗಾಳಿ ತಗಲದ ಹಂಗೆ ಸುತ್ತ ಮರೆ ಮಾಡಿಕೊಂಡು ರಾತ್ರಿ ಹೊತ್ತು ದೀಪ ಹಿಡ್ಕೊಂಡು ಹೋಗ್ತೀವಲ್ಲ, ಹಂಗೇ ಕಣ್ಣೊಳಗೆ ಒಂದು ಬೆಂಕಿ ಇದೆ, ಅದರ ಬೆಳಕು ಹೊರಗೆ ಹೋಗಿ ವಸ್ತುವನ್ನ ಮುಟ್ಟಿದಾಗ ನಮಗೆ ಕಾಣ್ತದೆ ಅಂತ. ಅವನಾದ ಮೇಲೆ ಬಂದ ಪ್ಲೇಟೋನೂ ಕಣ್ಣೊಳಗಿನ ಬೆಂಕಿ ಅಂತಲೇ ಹೇಳಿದ.

ನಮ್ಮಲ್ಲಿ ನ್ಯಾಯ ಶಾಸ್ತ್ರದೋರೂ ಹೆಚ್ಚುಕಮ್ಮಿ ಇದನ್ನೇ ಹೇಳಿದ್ರು. ಗೌತಮರ ನ್ಯಾಯಸೂತ್ರದಲ್ಲಿ ಕಣ್ಣು ತೇಜಸ್ಸಿಂದ ಆದದ್ದು, ಅದರಿಂದ ರಶ್ಮಿ ಹೊರಟು ವಸ್ತುವನ್ನ ಮುಟ್ತದೆ ಅಂತ ಇದೆ. "ಹಂಗಾದ್ರೆ ಆ ರಶ್ಮಿ ನಮಗ್ಯಾಕೆ ಕಾಣಲ್ಲ?" ಅಂತ ಕೇಳಿದ್ರೆ, "ರಾತ್ರಿ ಹೊತ್ತು ಓಡಾಡೋ ಪ್ರಾಣಿಗಳ ಕಣ್ಣು ನೋಡಿ" ಅಂದ್ರು. ಕೊಟ್ಟಿಗೆ ಮೂಲೇಲಿ ಬೆಕ್ಕಿನ ಕಣ್ಣು ಫಳ್ ಅಂತ ಹೊಳೆಯೋದು ನೋಡಿದೋರಿಗೆ ಇದು ಸರಿ ಅಂತಲೇ ಅನ್ನಿಸ್ತದೆ. ಈಗ ಗೊತ್ತಿರೋದು ಏನಂದ್ರೆ, ಬೆಕ್ಕಿನ ಕಣ್ಣ ಹಿಂದುಗಡೆ ಕನ್ನಡಿ ಥರದ ಒಂದು ಪದರ ಇದೆ. ಬ್ಯಾಟರಿ ಬೆಳಕೋ, ಬೀದಿ ದೀಪದ ಬೆಳಕೋ ಒಳಗೆ ಹೋಗಿ ಅದಕ್ಕೆ ತಗಲಿ ವಾಪಸ್ ಬರ್ತದೆ. ಚೂರೂ ಬೆಳಕಿಲ್ಲದ ಕಗ್ಗತ್ತಲಲ್ಲಿ ಬೆಕ್ಕಿನ ಕಣ್ಣೂ ಹೊಳೆಯಲ್ಲ.

ಈ ಕಡೆಯೋರು ದಡ್ಡರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕ್ರಿಸ್ತಪೂರ್ವ 300ರ ಆಸುಪಾಸಲ್ಲಿ ಯೂಕ್ಲಿಡ್ ನೋಟದ ಮೇಲೆ ಒಂದು ಪುಸ್ತಕ ಬರೆದ. ಕಣ್ಣಿಂದ ಗೆರೆಗಳು ನೆಟ್ಟಗೆ ಹೊರಟು ಹಿಟ್ಟಿನ ಜರಡಿ ಮೇಲೆ ಬಟ್ಟೆ ಇಳಿಬಿಟ್ಟಂಗೆ ಅಗಲ ಆಗ್ತಾ ಹೋಗ್ತವೆ ಅಂದ್ಕೊಂಡು, ದೂರದ ವಸ್ತು ಯಾಕೆ ಚಿಕ್ಕದಾಗಿ ಕಾಣ್ತದೆ, ಕನ್ನಡಿಯಲ್ಲಿ ಮುಖ ಹೆಂಗೆ ಕಾಣ್ತದೆ ಅನ್ನೋ ಲೆಕ್ಕಕ್ಕೆ ದಾರಿ ಮಾಡಿದ. ಅವನ ಪುಸ್ತಕಕ್ಕೆ ಆಮೇಲಿನೋರು ಸೇರಿಸಿದ ಪೀಠಿಕೆಯಲ್ಲಿ ನೆಲಕ್ಕೆ ಬಿದ್ದ ಸೂಜಿಯ ಮಾತು ಬರ್ತದೆ. ಸೂಜಿ ಎದುರಿಗೇ ಇರ್ತದೆ, ಆದ್ರೂ ಹುಡುಕ್ತಾನೇ ಇರ್ತೀವಿ. ಬೆಳಕು ವಸ್ತುವಿಂದ ತಾನಾಗೇ ಬರೋದಾದ್ರೆ ಸೂಜಿ ತಕ್ಷಣ ಕಾಣಬೇಕಿತ್ತು, ನಮ್ಮ ಕಣ್ಣಿನ ಗೆರೆ ಅದನ್ನ ಮುಟ್ಟೋವರೆಗೂ ಕಾಣಲ್ಲ, ಅದಕ್ಕೇ ಹುಡುಕಬೇಕು ಅಂತ ಅವರ ವಾದ. ಸೂಜಿ ಕಳ್ಕೊಂಡು ಚಾಪೆ ಎಲ್ಲಾ ತಡಕಾಡಿದೋರಿಗೆ ಈ ಮಾತು ಬಿಡಿಸಿ ಹೇಳೋದೇ ಬೇಡ.

ಅವರ ಲೆಕ್ಕ ಎಲ್ಲಾ ಸರಿಯಾಗೇ ಬರ್ತಿತ್ತು. ದಿಕ್ಕು ತಪ್ಪಾದ್ರೆ ಲೆಕ್ಕ ಹೆಂಗೆ ಸರಿ ಬಂತು ಅಂತೀರಾ? ಗಂಡಸಿ ಹ್ಯಾಂಡ್‌ಪೋಸ್ಟಿಂದ ಅರಸೀಕೆರೆಗೆ ಹೋದ್ರೂ, ಅರಸೀಕೆರೆಯಿಂದ ಹ್ಯಾಂಡ್‌ಪೋಸ್ಟಿಗೆ ಬಂದ್ರೂ ರಸ್ತೆ ಅದೇ, ತಿರುವು ಅವೇ, ದೂರಾನೂ ಅಷ್ಟೇ. ಬೆಳಕಿನ ಗೆರೆಯೂ ಹಂಗೇ. ಕಣ್ಣಿಂದ ಕನ್ನಡಿಗೆ, ಕನ್ನಡಿಯಿಂದ ಕೈಬಳೆಗೆ ಅಂತ ಗೆರೆ ಎಳೆದ್ರೂ, ಬಳೆಯಿಂದ ಕನ್ನಡಿಗೆ, ಕನ್ನಡಿಯಿಂದ ಕಣ್ಣಿಗೆ ಅಂತ ಎಳೆದ್ರೂ ಗೆರೆ ಒಂದೇ. ಹಂಗಾಗಿ ಬರೀ ಲೆಕ್ಕ ಮಾಡ್ಕೊಂಡು ಕೂತಿದ್ರೆ ಈ ಜಗಳ ಯಾವತ್ತೂ ತೀರ್ತಿರ್ಲಿಲ್ಲ. ಬೇರೆ ಥರದ ಪ್ರಶ್ನೆ ಕೇಳಬೇಕಿತ್ತು.

ಆ ಥರದ ಪ್ರಶ್ನೆ ಕೇಳಿದೋರು ಪೂಜ್ಯಪಾದರು. ದೇವನಂದಿ ಅನ್ನೋದು ಅವರ ಇನ್ನೊಂದು ಹೆಸರು. ಸುಮಾರು 5-6ನೇ ಶತಮಾನದಲ್ಲಿ, ಗಂಗರಸರು ಆಳ್ತಿದ್ದ ಕಾಲದಲ್ಲಿ, ಕರ್ನಾಟಕದಲ್ಲಿ ಇದ್ದ ಜೈನ ಆಚಾರ್ಯರು. ನಮ್ಮ ಜಿಲ್ಲೆಯ ಶ್ರವಣಬೆಳಗೊಳದ ಶಾಸನಗಳಲ್ಲಿ ಅವರನ್ನ ಹೊಗಳಿದಾರೆ. ವ್ಯಾಕರಣ ಬರೆದೋರು. ಜೈನರ ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಅಂತ ವ್ಯಾಖ್ಯಾನಾನೂ ಬರೆದ್ರು. ಮೂಗು, ನಾಲಗೆ, ಚರ್ಮ, ಕಿವಿ ಇವು ವಸ್ತುವಿಗೆ ತಗಲಿಯೇ ತಿಳ್ಕೊಳ್ತವೆ, ಕಣ್ಣು ಮಾತ್ರ ಮುಟ್ಟದೆ ತಿಳ್ಕೊಳ್ತದೆ ಅನ್ನೋದು ಜೈನರ ಮಾತು. ಅದನ್ನ ಪೂಜ್ಯಪಾದರು ಹೆಂಗೆ ಸಾಧಿಸಿದ್ರು ಗೊತ್ತಾ? ಕಣ್ಣು ಮುಟ್ಟಿದ್ದನ್ನೇ ನೋಡೋದಾದ್ರೆ, ಕಣ್ಣಿಗೇ ಅಂಟಿಕೊಂಡಿರೋ ಕಾಡಿಗೆ ಎಲ್ಲಕ್ಕಿಂತ ಮೊದಲು ಕಾಣಬೇಕು. ಚರ್ಮಕ್ಕೆ ತಗಲಿದ್ದು ಚರ್ಮಕ್ಕೆ ಗೊತ್ತಾಗ್ತದೆ. ಕಣ್ಣಿಗೆ ಹಚ್ಚಿದ ಕಾಡಿಗೆ ಯಾಕೆ ಕಣ್ಣಿಗೆ ಕಾಣಲ್ಲ?

ನೋಡಿ, ಎಷ್ಟು ಸರಳ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಮಸಿ ಹಿಡಿದು, ತುಪ್ಪದಲ್ಲಿ ಕಲೆಸಿ ಕಾಡಿಗೆ ಮಾಡಿ ತಲೆತಲಾಂತರದಿಂದ ಹಚ್ಕೊಂಡು ಬಂದಿದೀವಿ. ಕಾಡಿಗೆ ನೆಟ್ಟಗೆ ಬಂತಾ ಅಂತ ನೋಡೋಕೆ ಕನ್ನಡಿ ಬೇಕೇ ಬೇಕು, ಇಲ್ಲಾ ಪಕ್ಕದೋರನ್ನ ಕೇಳಬೇಕು. ಅದರಲ್ಲೇ ಒಂದು ಶಾಸ್ತ್ರದ ವಾದ ಅಡಗಿತ್ತು. ಪೂಜ್ಯಪಾದರಾದ ಮೇಲೆ 8ನೇ ಶತಮಾನದಲ್ಲಿ ಬಂದ ಅಕಲಂಕರೂ ಇದೇ ವಾದ ಮುಂದುವರಿಸಿದ್ರು. "ಮುಟ್ಟದೇ ನೋಡೋದಾದ್ರೆ ಗೋಡೆ ಆಚೆಗಿರೋದು, ನೂರು ಗಾವುದ ದೂರ ಇರೋದು ಎಲ್ಲಾ ಯಾಕೆ ಕಾಣಲ್ಲ?" ಅಂತ ಎದುರು ಪಕ್ಷದೋರು ಕೇಳಿದ್ರೆ, ಜೈನ ಪಂಡಿತರು ಅಯಸ್ಕಾಂತ ತೋರ್ಸಿದ್ರು. ಅಯಸ್ಕಾಂತ ಕಬ್ಬಿಣಾನ ಮುಟ್ಟದೇನೇ ಎಳೀತದೆ, ಹಂಗಂತ ಊರಾಚೆ ಇರೋ ಕಬ್ಬಿಣಾನೂ ಎಳೀತದಾ?

ಇನ್ನೊಂದು ಪ್ರಶ್ನೆನೂ ಓಡಾಡ್ತಿತ್ತು. ಮರದ ಕೊಂಬೆ ಸಂದೀಲಿ ಚಂದ್ರನ್ನ ನೋಡಿದಾಗ ಕೊಂಬೆ, ಚಂದ್ರ ಎರಡೂ ಒಟ್ಟಿಗೇ ಕಾಣ್ತವೆ. ರಶ್ಮಿ ಹೋಗಿ ಮುಟ್ಟಬೇಕು ಅಂದ್ರೆ ಹತ್ತಿರದ ಕೊಂಬೆ ಮೊದಲು, ದೂರದ ಚಂದ್ರ ತಡವಾಗಿ ಕಾಣಬೇಕಲ್ವಾ? ಅದಕ್ಕೆ ರಶ್ಮಿ ಕಡೆಯೋರು "ಅದರ ವೇಗ ಅಷ್ಟು ಹೆಚ್ಚು, ನಮಗೆ ಗೊತ್ತಾಗಲ್ಲ" ಅಂದ್ರು. ನೂರು ತಾವರೆ ಎಸಳು ಒಂದರ ಮೇಲೊಂದು ಜೋಡಿಸಿ ಸೂಜಿ ಚುಚ್ಚಿದ್ರೆ ಒಂದೇ ಸಲ ತೂರಿದಂಗೆ ಕಾಣ್ತದೆ, ನಿಜವಾಗಿ ಒಂದೊಂದಾಗೇ ತೂರೋದು ಅಂತ ಅವರ ಉದಾಹರಣೆ. ಈ ಉತ್ತರಾನೂ ಒಳ್ಳೇದೇ. ಬೆಳಕಿಗೆ ವೇಗ ಇದೆ ಅನ್ನೋದು ನಿಜ, ದಿಕ್ಕು ಮಾತ್ರ ತಿರುಗಮುರುಗ.

ಆದ್ರೆ ಒಂದು ಮಾತು. ಕಣ್ಣು ಮುಟ್ಟಲ್ಲ ಅಂತ ಜೈನರು ಸಾಧಿಸಿದ್ರು, ಸರಿ. ಹಂಗಾದ್ರೆ ಮಧ್ಯೆ ಓಡಾಡೋದು ಏನು, ಎಲ್ಲಿಂದ ಹೊರಡ್ತದೆ, ಎಲ್ಲಿಗೆ ಸೇರ್ತದೆ ಅನ್ನೋದು ಇನ್ನೂ ಉಳಿದಿತ್ತು. ಅದನ್ನ ಬಿಡಿಸಿದೋನು ಇಬ್ನ್ ಅಲ್-ಹೈಥಮ್. ಸುಮಾರು 965ರಲ್ಲಿ ಈಗಿನ ಇರಾಕಿನ ಬಸ್ರಾದಲ್ಲಿ ಹುಟ್ಟಿ, ಈಜಿಪ್ಟಿನ ಕೈರೋದಲ್ಲಿ ಬದುಕಿದೋನು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಚಾವುಂಡರಾಯ 981ರ ಸುಮಾರಿಗೆ ಬೆಳಗೊಳದಲ್ಲಿ ಗೊಮ್ಮಟನ್ನ ನಿಲ್ಲಿಸಿದಾಗ ಇವನು ಹದಿನಾರರ ಹುಡುಗ. ಬೇಲೂರು ಚೆನ್ನಕೇಶವನ ಗುಡಿ 1117ರಲ್ಲಿ ಆಗೋಕೆ ಒಂದು ನೂರು ವರ್ಷ ಮುಂಚೆ, 1011ರಿಂದ 1021ರ ಒಳಗೆ, ನೋಟ ಮತ್ತು ಬೆಳಕಿನ ಮೇಲೆ ಏಳು ಭಾಗದ ಪುಸ್ತಕ ಬರೆದ.

ಅವನು ಮೊದಲು ಹೇಳಿದ್ದು ನಮಗೆಲ್ಲಾ ಗೊತ್ತಿರೋದೇ. ಸೂರ್ಯನ್ನ ದಿಟ್ಟಿಸಿ ನೋಡಿದ್ರೆ ಕಣ್ಣು ನೋಯ್ತದೆ. ಕಣ್ಣಿಂದ ಏನೋ ಹೊರಗೆ ಹೋಗೋದಾದ್ರೆ ನೋವು ಯಾಕೆ ಒಳಗೆ? ಬಿಸಿಲಲ್ಲಿ ಕೊಬ್ಬರಿ ಒಣಗಹಾಕಿ ತಟ್ಟನೆ ನಡುಮನೆಗೆ ಬಂದ್ರೆ ಸ್ವಲ್ಪ ಹೊತ್ತು ಏನೂ ಕಾಣಲ್ಲ, ಕಣ್ಣ ಮುಂದೆ ಬಣ್ಣಬಣ್ಣದ ಚಕ್ರ ಕುಣೀತವೆ. ಹೊರಗಿನ ಬೆಳಕು ಕಣ್ಣೊಳಗೆ ಬಂದು ಏನೋ ಗುರುತು ಮಾಡಿ ಹೋಗಿದೆ, ಅದಕ್ಕೇ ಹಂಗೆ ಅಂದ. ಯೂಕ್ಲಿಡನ ಗೆರೆಗಳನ್ನ ಅವನು ಬಿಸಾಕಲಿಲ್ಲ. ಲೆಕ್ಕಕ್ಕೆ ಗೆರೆ ಇಟ್ಕೊಳ್ಳಿ, ಆದ್ರೆ ಅದು ಕಲ್ಪನೆಯ ಗೆರೆ, ನಿಜವಾಗಿ ಓಡಾಡೋದು ಬೆಳಕು, ಅದು ವಸ್ತುವಿಂದ ಕಣ್ಣಿಗೆ ಬರ್ತದೆ ಅಂದ.

ಬಾಯಿ ಮಾತಲ್ಲೇ ಬಿಡಲಿಲ್ಲ. ಕತ್ತಲೆ ಕೋಣೆ ಮಾಡಿ, ಅದಕ್ಕೆ ಒಂದು ತೂತು ಇಟ್ಟು, ಹೊರಗೆ ಸಾಲಾಗಿ ದೀಪ ಇಡಿಸಿದ. ಒಳಗೆ ಗೋಡೆ ಮೇಲೆ ದೀಪಕ್ಕೆ ಒಂದರಂತೆ ಬೆಳಕಿನ ಬೊಟ್ಟು ಬಿದ್ವು. ಒಂದು ದೀಪಕ್ಕೆ ಮರೆ ಹಿಡಿದ್ರೆ ಅದರ ಬೊಟ್ಟು ಮಾತ್ರ ಹೋಗ್ತದೆ, ಮರೆ ತೆಗೆದ್ರೆ ವಾಪಸ್ ಬರ್ತದೆ. ಅಷ್ಟು ಚಿಕ್ಕ ತೂತಲ್ಲಿ ಎಲ್ಲಾ ದೀಪದ ಬೆಳಕು ಒಟ್ಟಿಗೆ ತೂರಿದ್ರೂ ಒಂದಕ್ಕೊಂದು ಕಲೆಸಿಹೋಗಲ್ಲ. ಅಂದ್ಮೇಲೆ ಕಣ್ಣಿನ ಪಾಪೆಯಂಥ ಸಣ್ಣ ಜಾಗದಲ್ಲಿ ಇಡೀ ಬೀದಿ ಬೆಳಕು ಒಳಗೆ ಬಂದ್ರೂ ಕಲೆಸಿಹೋಗಬೇಕಿಲ್ಲ.

ಇದನ್ನ ನಾವೂ ನೋಡಿರೋದೇ. ಹಂಪಿಗೆ ಹೋದೋರು ನೆನಪು ಮಾಡ್ಕೊಳ್ಳಿ. ವಿರೂಪಾಕ್ಷ ದೇವಸ್ಥಾನದ ಹಿಂದುಗಡೆ ಕತ್ತಲೆ ಜಾಗದ ಗೋಡೆ ಮೇಲೆ ರಾಯಗೋಪುರ ತಲೆಕೆಳಗಾಗಿ ಬೀಳ್ತದೆ. ಗೋಪುರದ ತುದಿ ಬೆಳಕು ಸಣ್ಣ ಕಿಂಡಿಯಲ್ಲಿ ನೆಟ್ಟಗೆ ತೂರಿ ಕೆಳಕ್ಕೆ ಇಳೀತದೆ, ಬುಡದ ಬೆಳಕು ಮೇಲಕ್ಕೆ ಹತ್ತುತದೆ, ಅದಕ್ಕೇ ತಲೆಕೆಳಗು. ಅಷ್ಟು ದೂರಾನೂ ಬೇಡ. ಹೆಂಚಿನ ಮನೇಲಿ ಹೆಂಚಿನ ಸಂದಿಯಿಂದ ನೆಲಕ್ಕೆ ಬೀಳೋ ಬಿಸಿಲು ಗುಂಡಗೇ ಇರ್ತದಲ್ಲ, ಸಂದಿ ಸೊಟ್ಟಗಿದ್ರೂ? ಅದು ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಬೆಳಗ್ಗೆ ಗ್ರಹಣ ಹಿಡಿದಾಗ ತೆಂಗಿನ ಗರಿ ನೆರಳಲ್ಲಿ ನೆಲದ ತುಂಬಾ ಕುಡುಗೋಲಿನ ಥರ ಬೆಳಕಿನ ಚೂರು ಬಿದ್ದಿದ್ವು, ನಾನೇ ನೋಡ್ದೆ. ಗರಿ ಸಂದಿ ಒಂದೊಂದೂ ಒಂದೊಂದು ಕತ್ತಲೆ ಕೋಣೆ ಕಿಂಡಿ. ಗ್ರಹಣದ ಬೆಳಕು ಹಂಗೆ ಯಾಕೆ ಬೀಳ್ತದೆ ಅಂತಾನೂ ಇಬ್ನ್ ಅಲ್-ಹೈಥಮ್ ಬೇರೆಯಾಗೇ ಒಂದು ಗ್ರಂಥ ಬರೆದಿದಾನೆ.

ಉಳಿದ ಒಂದು ಗಂಟು ಯುರೋಪಿನಲ್ಲಿ ಬಿಚ್ತು. ಕಣ್ಣೊಳಗೆ ಬಂದ ಬೆಳಕು ಸೇರೋದು ಎಲ್ಲಿ? ಅಲ್ಲಿವರೆಗೂ ಹೆಚ್ಚಿನೋರು ಕಣ್ಣ ಮಧ್ಯದ ಹರಳಿನಂಥ ಮಸೂರವೇ ನೋಡೋದು ಅಂದ್ಕೊಂಡಿದ್ರು, ಇಬ್ನ್ ಅಲ್-ಹೈಥಮ್ ಕೂಡ. 1604ರಲ್ಲಿ ಕೆಪ್ಲರ್ ಪುಸ್ತಕ ಬರೆದು, ಮಸೂರ ಬರೀ ಬೆಳಕನ್ನ ಬಗ್ಗಿಸಿ ಕೂಡಿಸೋ ಗಾಜು, ಚಿತ್ರ ಬೀಳೋದು ಅದರ ಹಿಂದಿನ ಪರದೆ ಮೇಲೆ, ಅದೂ ತಲೆಕೆಳಗಾಗಿ ಅಂದ. 1637ರಲ್ಲಿ ಡೆಕಾರ್ಟ್ ಎತ್ತಿನ ಕಣ್ಣು ತಗೊಂಡು, ಹಿಂಬದಿ ಪೊರೆ ಬಿಡಿಸಿ ಅಲ್ಲಿ ತೆಳ್ಳನೆಯದೊಂದು ಹಾಳೆ ಇಟ್ರೆ ಎದುರಿನ ಚಿತ್ರ ಹಾಳೆ ಮೇಲೆ ಬೀಳೋದನ್ನ ಹೆಂಗೆ ನೋಡಬಹುದು ಅಂತ ಬರೆದ. ಅಲ್ಲಿಗೆ ಕಣ್ಣು ದೀಪ ಅಲ್ಲ, ಕಿಟಕಿ ಇರೋ ಕತ್ತಲೆ ಕೋಣೆ ಅನ್ನೋದು ಗಟ್ಟಿ ಆಯ್ತು.

"ಇದರಿಂದ ನಮಗೇನು?" ಅಂತೀರಾ? ನಮ್ಮ ದೊಡ್ಡಮ್ಮ ಒಬ್ಬರು ಪೊರೆ ಬಂದು ನಾಲ್ಕು ವರ್ಷ ಆಪರೇಷನ್ ಬೇಡ ಅಂತ ಕೂತಿದ್ರು. ಹೆದರಿಕೆ ಅಲ್ಲ. "ಎಣ್ಣೆ ತೀರಿದ ಲಾಟೀನಿನ ಗಾಜು ಒರೆಸಿದ್ರೆ ಬೆಳಕು ಬರ್ತದಾ? ವಯಸ್ಸಾಯ್ತು, ಕಣ್ಣಿನ ಬೆಳಕೇ ಹೋಯ್ತು, ಸುಮ್ನೆ ಯಾಕೆ ಖರ್ಚು" ಅಂತಿದ್ರು. ಎಂಪೆಡೋಕ್ಲಿಸ್ ಹೇಳಿದ್ದ ಲಾಟೀನೇ! ನಾನು ಬ್ಯಾಟರಿ ಹಿಡಿದು "ದೊಡ್ಡಮ್ಮಾ, ಬೆಳಕು ಗೊತ್ತಾಗ್ತದಾ?" ಅಂದೆ. "ಬೆಳಕು ಗೊತ್ತಾಗ್ತದೆ ಕಣೆ, ಆಕಾರ ಗೊತ್ತಾಗಲ್ಲ" ಅಂದ್ರು. "ಹಂಗಾದ್ರೆ ಮನೆಯೊಳಗೆ ಎಲ್ಲಾ ನೆಟ್ಟಗಿದ್ದರೂ ಇರಬಹುದು, ಕಿಟಕಿ ಗಾಜಿಗೆ ಹೊಗೆ ಹಿಡಿದಿದೆ ಅಷ್ಟೇ, ಡಾಕ್ಟರ್ ನೋಡಿ ಹೇಳಲಿ" ಅಂದ್ರೆ ಆಗ ಒಪ್ಪಿದ್ರು. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ಮೊದಲು ಕೇಳಿದ್ದು, "ಗೋಡೆಗೆ ಯಾವಾಗ ನೀಲಿ ಸುಣ್ಣ ಹೊಡೆಸಿದ್ರಿ?" ಗೋಡೆ ಬೆಳ್ಳಗೇ ಇತ್ತು. ಹಳದಿಗಟ್ಟಿದ ಮಸೂರದ ಮೂಲಕ ವರ್ಷಗಟ್ಟಲೆ ನೋಡಿದೋರಿಗೆ ಬಿಳೀದು ನೀಲಿಯಾಗಿ ಕಾಣೋದು ಸಹಜವಂತೆ.

ಈ ಆಪರೇಷನ್ನಿಗೂ ದೊಡ್ಡ ಚರಿತ್ರೆ ಇದೆ. ಸುಶ್ರುತ ಸಂಹಿತೆಯಲ್ಲಿ ಕಣ್ಣಲ್ಲಿ ಆಲೋಚಕ ಪಿತ್ತ ಅನ್ನೋ ತೇಜಸ್ಸು ಇದೆ ಅಂತಾನೂ ಹೇಳಿದಾರೆ, ಜವೆ ಕಾಳಿನ ತುದಿಯಂಥ ಶಲಾಕೆಯಿಂದ ಪೊರೆಯನ್ನ ಪಕ್ಕಕ್ಕೆ ತಳ್ಳೋದನ್ನೂ ಹೇಳಿದಾರೆ. ಪೊರೆ ಅಂದ್ರೆ ಮಸೂರವೇ ಮಬ್ಬಾಗೋದು ಅಂತ ತಿಳಿಯೋಕೆ ಬಹಳ ಕಾಲ ಹಿಡೀತು. ಮಸೂರವೇ ನೋಡೋದು ಅಂತ ನಂಬಿದ್ದಷ್ಟು ದಿನ ಅದನ್ನ ತೆಗೆದ್ರೆ ಕುರುಡು ಗ್ಯಾರಂಟಿ ಅಂತಲೇ ಅನ್ಕೋಬೇಕಲ್ವಾ? 1705ರಲ್ಲಿ ಫ್ರಾನ್ಸಿನ ವೈದ್ಯ ಬ್ರಿಸೋ, ಪೊರೆ ಬಂದಿದ್ದ ಒಬ್ಬ ಸತ್ತ ಸೈನಿಕನ ಕಣ್ಣು ಬಿಡಿಸಿ ಮಬ್ಬಾಗಿರೋದು ಮಸೂರವೇ ಅಂತ ಕಂಡ. 1747ರಲ್ಲಿ ಡಾವಿಯೆಲ್ ಅದನ್ನ ಹೊರಗೆ ತೆಗೆದ. 1949ರಲ್ಲಿ ಲಂಡನ್ನಿನಲ್ಲಿ ರಿಡ್ಲಿ ಆ ಜಾಗಕ್ಕೆ ಕೃತಕ ಮಸೂರ ಕೂರಿಸಿದ. ಕರ್ನಾಟಕದಲ್ಲಿ ಡಾ. ಎಂ.ಸಿ. ಮೋದಿ (1916–2005) ಊರೂರಿಗೆ ಹೋಗಿ ಶಿಬಿರ ಮಾಡಿ ಪೊರೆ ತೆಗೆದಿದ್ದನ್ನ ಈಗಲೂ ನಮ್ಮ ಹಿರೀಕರು ಹೇಳ್ತಾರೆ.

ಒಂದು ಎಚ್ಚರ ಮಾತ್ರ ಇರಲಿ. ಮಬ್ಬಾಗಿದ್ದೆಲ್ಲಾ ಪೊರೆ ಅಲ್ಲ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ಕಣ್ಣಿನ ನರ ಕೆಟ್ಟರೆ, ಇಲ್ಲಾ ಸಕ್ಕರೆ ಕಾಯಿಲೆಯಿಂದ ಹಿಂದಿನ ಪರದೆ ಕೆಟ್ಟರೆ ಕಿಟಕಿ ಬದಲಾಯಿಸಿದ್ರೂ ಹೋದದ್ದು ಪೂರ್ತಿ ವಾಪಸ್ ಬರಲ್ಲ. ಅದಕ್ಕೇ "ವಯಸ್ಸಾಯ್ತು" ಅಂತ ಸುಮ್ಮನೆ ಕೂರದೆ ಬೇಗ ತೋರಿಸಬೇಕು.

ಇನ್ನೊಂದು ಮಾತು ಹೇಳದೆ ಇದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ಕಣ್ಣಿಂದ ಏನೂ ಹೊರಗೆ ಹೋಗಲ್ಲ ಅಂದ್ಮೇಲೆ, ಯಾರ ಕಣ್ಣೂ ಯಾರ ಮೇಲೂ ಬೀಳಲ್ಲ. ಮಗು ಕೆನ್ನೆಗೆ ಬೊಟ್ಟು ಇಡೋದು ನಾನೂ ಬಿಟ್ಟಿಲ್ಲ, ಇಟ್ರೆ ಚಂದ, ಅಜ್ಜಿಗೂ ಸಮಾಧಾನ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ "ಅವಳ ಕಣ್ಣು ಸರಿ ಇಲ್ಲ" ಅಂತ ಮಕ್ಕಳಿಲ್ಲದೋರನ್ನ, ಗಂಡ ಹೋದೋರನ್ನ ನಾಮಕರಣದಲ್ಲಿ, ಸೀಮಂತದಲ್ಲಿ ಬಾಗಿಲ ಹತ್ತಿರಾನೇ ನಿಲ್ಲಿಸೋದು ನಮ್ಮ ಮನೆಗಳಲ್ಲೇ ನಡೀತದಲ್ಲ, ಅದು ನಷ್ಟ. ಅವರ ಕಣ್ಣಿಂದ ಯಾವ ಬೆಂಕಿನೂ ಹೊರಡಲ್ಲ. ನಮ್ಮ ಮಗು ಮೇಲೆ ಬಿದ್ದ ಬೆಳಕೇ ಅವರ ಕಣ್ಣಿಗೂ ಹೋಗೋದು. ಅವರಿಗೂ ಅದು ಚಂದ ಕಾಣ್ತದೆ, ಅಷ್ಟೇ.

ಮುಂದಿನ ಸಲ ಹಳೇಬೀಡಿಗೆ ಹೋದಾಗ ಹೊಯ್ಸಳೇಶ್ವರ ನೋಡಿ ಹಂಗೇ ಬಸ್ಸಿಗೆ ಓಡಬೇಡಿ. ಸ್ವಲ್ಪ ಮುಂದೆ 1133ರಲ್ಲಿ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇದೆ. ಅಲ್ಲಿನ ಕಂಬಗಳನ್ನ ಕನ್ನಡಿ ಥರ ನುಣ್ಣಗೆ ಉಜ್ಜಿದಾರೆ, ಎದುರಿಗೆ ನಿಂತ್ರೆ ನಮ್ಮ ನೆರಳು ಕಾಣ್ತದೆ. ಬಾಗಿಲ ಹತ್ತಿರ ನಿಲ್ಲಿಸ್ತಿದ್ದೋರು ಯಾರಾದ್ರೂ ನಿಮ್ಮ ಬಳಗದಲ್ಲಿದ್ರೆ ಅವರನ್ನೂ ಕರ್ಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸ್ಕೊಂಡು ನೋಡಿ. ಕಾಡಿಗೆ ಹರಡಿದ್ರೆ ಅವರೇ ಹೇಳ್ತಾರೆ, ನಿಮ್ಮ ಕಣ್ಣಿಗಂತೂ ಅದು ಕಾಣಲ್ಲ.